ಹಿತ್ತಲಿನ ಸೀಸ

ಮಾಗಿದ ತಿಪ್ಪೆಗೊಬ್ಬರಕ್ಕೆ ನೀರು ಬಿದ್ದರೆ ಒಂದು ವಾಸನೆ ಏಳುತ್ತದಲ್ಲ, ನಿಮಗೆ ಅದು ಹಿತವಾಗಿರಬಹುದು. ಇವತ್ತು ಬೆಳಿಗ್ಗೆ ಹಿತ್ತಲಿಗೆ ನೀರು ಬಿಟ್ಟಾಗ ನಾನು ಮಾತ್ರ ಮುಖ ತಿರುಗಿಸಿಕೊಂಡೆ.

ಬಾಣಾವರದಲ್ಲಿ ನನ್ನದು ಬ್ಯಾಟರಿ ರಿಪೇರಿ ಅಂಗಡಿ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟರೂ ನನ್ನಷ್ಟು ಕೆಲಸ ಬಲ್ಲವರು ಅರಸೀಕೆರೆಯಲ್ಲೂ ಇಲ್ಲ ಎಂಬ ಜಂಬ ಇತ್ತು. ಪೂರ್ತಿ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಹಳೇ ಬ್ಯಾಟರಿ ತೊಳೆದ ನೀರನ್ನು ವರ್ಷಗಟ್ಟಲೆ ಮನೆ ಹಿತ್ತಲಿಗೇ ಚೆಲ್ಲಿದೆ. ಅಲ್ಲೇ ದಂಟಿನ ಸೊಪ್ಪು ಹುಲುಸಾಗಿ ಬರುತ್ತಿತ್ತು. ತೆಂಗಿನ ಸಸಿ ಇಡೋಣವೆಂದು ಮಣ್ಣು ಪರೀಕ್ಷೆಗೆ ಕೊಟ್ಟೆ. ನನ್ನ ಕಸುಬು ಕೇಳಿದ ಕೃಷಿ ಇಲಾಖೆಯ ಮೇಡಂ, ಬ್ಯಾಟರಿಯಲ್ಲಿರುವ ಸೀಸದ ವಿಷಕ್ಕೂ ಪರೀಕ್ಷೆ ಮಾಡಿಸಿದರು. ಸಿಕ್ಕಿತು.

“ಸೊಪ್ಪೆಲ್ಲ ಕಿತ್ತುಬಿಡಿ,” ಎಂದರು. “ಕೊಳೆತ ಗೊಬ್ಬರ ಚೆನ್ನಾಗಿ ಸೇರಿಸಿ. ಸೀಸ ಮಾಯ ಆಗಲ್ಲ, ಗೊಬ್ಬರ ಅದನ್ನ ಕಟ್ಟಿಹಾಕುತ್ತೆ, ಬೇರಿಗೆ ಅಷ್ಟು ಸುಲಭವಾಗಿ ಸಿಗಲ್ಲ. ಆದ್ರೂ ತಿನ್ನೋದು ಮಾತ್ರ ಬೆಳೀಬೇಡಿ.”

ಕಿತ್ತದ್ದನ್ನು ಎಲ್ಲಿ ಹಾಕಲಿ ಎಂದು ನಾನು ಕೇಳಲಿಲ್ಲ. ಕಸಕಡ್ಡಿ ತಿಪ್ಪೆಗೆ ಹೋಗಬೇಕು, ಇದನ್ನೂ ಕೇಳಬೇಕೆ? ಬೇರಿನ ಮಣ್ಣು ಸಮೇತ ಹೊತ್ತು ಹಾಕಿದೆ. ತಿಪ್ಪೆ ಮಾಗಿದ ಮೇಲೆ ಪಕ್ಕದ ಮನೆ ಗಂಗಕ್ಕನ ಸೊಪ್ಪಿನ ಮಡಿಗೂ ನಾಲ್ಕು ಮಂಕರಿ ಸುರಿದು ಬಂದೆ. ಅವಳ ಬಸುರಿ ಮಗಳು ಹೆರಿಗೆಗೆಂದು ತವರಿಗೆ ಬಂದಿದ್ದಳು.

ತಿಂಗಳ ಮೇಲೆ ಹಿತ್ತಲು ನೋಡಲು ಬಂದ ಮೇಡಂ, ಕಿತ್ತ ಸೊಪ್ಪು ಏನು ಮಾಡಿದಿರಿ ಎಂದರು. ಹೇಳಿದೆ. ಅವರ ಪೆನ್ನು ನಿಂತಿತು. “ಸೊಪ್ಪು, ಮಣ್ಣಲ್ಲಿದ್ದ ಸೀಸ ಗೊಬ್ಬರಕ್ಕೂ ಬಂದಿರುತ್ತೆ. ಅದನ್ನ ಯಾರಿಗಾದ್ರೂ ಕೊಟ್ರಾ?”

ಒಳಗಿನಿಂದ ನನ್ನ ಹೆಂಡತಿ, “ನೀವು ಹೋಗಿ ಹೇಳ್ತೀರೋ, ನಾನೇ ಹೋಗ್ಲೋ?” ಅಂದಳು.

ನಾನು ಹೋದಾಗ ಗಂಗಕ್ಕ ಅದೇ ಮಡಿಯ ಸೊಪ್ಪು ಸೋಸುತ್ತಿದ್ದಳು. ಹೇಳಿ ಮುಗಿಸುವವರೆಗೂ ಅವಳ ಕೈ ನಿಲ್ಲಲಿಲ್ಲ. ಆಮೇಲೆ ಮೊರವನ್ನು ಪಕ್ಕಕ್ಕೆ ತಳ್ಳಿದಳು.

“ದಿನಾ ಇದನ್ನೇ ಬೇಯ್ಸಿ ಹಾಕೀನಲ್ಲೋ ಈ ಬಸುರಿ ಮಗೀಗೆ. ನಿಂಗೆ ಗೊತ್ತಿಲ್ದೇ ಇರೋದೂ ಒಂದೈತೆ ಅಂತ ಇವತ್ತೇ ಕಣಪ್ಪ ನಾನು ಕೇಳಿದ್ದು.”

ಮಗಳು ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದಳು. “ಮಾವ, ಮಗೂಗೆ ಏನಾಗತ್ತೆ?”

“ಗೊತ್ತಿಲ್ಲ ಕಣವ್ವ,” ಅಂದೆ.

ರಕ್ತ ಪರೀಕ್ಷೆಗೆ ತಾಯಿ ಮಗಳನ್ನು ಅರಸೀಕೆರೆಗೆ ನಾನೇ ಕರೆದುಕೊಂಡು ಹೋದೆ. ರಿಪೋರ್ಟು ಬರುವವರೆಗೆ ಅಂಗಡಿಯ ಬಾಗಿಲು ತೆಗೆಯಲಿಲ್ಲ. ಹೆದರುವಂಥದ್ದೇನೂ ಇಲ್ಲ ಎಂದು ಡಾಕ್ಟರು ಹೇಳಿದಾಗ ಗಂಗಕ್ಕ ಅತ್ತಳು. ನಾನು ಹೊರಗೆ ಹೋಗಿ ಬಸ್ಸುಗಳ ಬೋರ್ಡು ಓದುತ್ತ ನಿಂತೆ. ಆಮೇಲೆ ಅವಳ ಮಡಿಯ ಮೇಲ್ಮಣ್ಣನ್ನೆಲ್ಲ ಅಗೆದು, ಚೀಲಕ್ಕೆ ತುಂಬಿ, ಮೇಡಂ ಹೇಳಿದ ಕಡೆಗೆ ಸಾಗಿಸಿದೆ.

ನನ್ನ ಹಿತ್ತಲಲ್ಲಿ ಈಗ ಬರೀ ಕನಕಾಂಬರ. ಇವತ್ತು ಬೆಳಿಗ್ಗೆ ಅದಕ್ಕೆ ನೀರು ಬಿಡುತ್ತಿದ್ದಾಗಲೇ ಗೋಡೆಯಾಚೆ ಟ್ರ್ಯಾಕ್ಟರು ಗೊಬ್ಬರ ಇಳಿಸಿ ಹೋಯಿತು.

“ಹಗರೆಯಿಂದ ತರಿಸಿದ್ದು ಕಣಪ್ಪ, ನಿಂದಲ್ಲ,” ಅಂದಳು ಗಂಗಕ್ಕ.

ಹಿಂದಿನ ನಾನಾಗಿದ್ದರೆ ವಾರ ಮಾತು ಬಿಡುತ್ತಿದ್ದೆ. “ಆ ತಿಪ್ಪೆಗೆ ಏನೇನು ಹಾಕಿದ್ರು ಅಂತ ಕೇಳ್ದಾ ಅಕ್ಕ?”

“ಇಲ್ಲ ಕಣೋ.”

ಪೈಪನ್ನು ಕೆಳಗೆ ಹಾಕಿ, ಹಗರೆಗೇ ಹೋಗಿ ಕೇಳಿ ಬರಲು ಹೊರಟೆ.