ಸೊನ್ನೆ ಜನಸಂಖ್ಯೆಯ ಊರುಗಳು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಡಚ್ಚರ ನಾಡಿನ ನ್ಯೂವೆಗೈನ್‌ನ ಒಂದು ಸಣ್ಣ ಕಂಪನಿಯಲ್ಲಿ ಕೂತು, ಎಂದೂ ಕಾಣದ ರಷ್ಯದ ಒಂದು ಹಳ್ಳಿಗಾಡಿನ ತಾಲ್ಲೂಕಿನ ನಕ್ಷೆಯನ್ನು ಕಂಪ್ಯೂಟರಿಗೆ ಏರಿಸುತ್ತಿದ್ದೆ. ಅವರು ತಾಲ್ಲೂಕಿಗೆ ರಾಯೋನ್ ಎನ್ನುತ್ತಾರೆ. ಒಂದು ನದಿ, ಒಂದೇ ಸೇತುವೆ, ತಾಲ್ಲೂಕು ಕೇಂದ್ರದಲ್ಲಿ ರೈಲು ನಿಲ್ದಾಣ, ಉತ್ತರಕ್ಕೆ ಜೌಗು ಮತ್ತು ಬರ್ಚ್ ಮರಗಳ ಕಾಡು. ಇಡೀ ಪ್ರದೇಶವನ್ನು ಗ್ರಾಮ ಮಂಡಳಿಗಳಾಗಿ ಹಂಚಿದ್ದರು. ಒಂದೊಂದು ಮಂಡಳಿಯ ಕೆಳಗೆ ಹತ್ತಾರು ಊರು. ನದಿಯಾಚೆಯ ಮಂಡಳಿಯ ಕೆಲವು ಊರುಗಳಿಗೆ ಚಳಿಗಾಲದಲ್ಲಿ ಜೌಗು ಹೆಪ್ಪುಗಟ್ಟಿದಾಗ ಮಾತ್ರ ಗಾಡಿ ಹೋಗುತ್ತಿತ್ತು. ಅಲ್ಲಿನ ಕಚೇರಿ ಕಳಿಸಿದ ಪಟ್ಟಿಯಲ್ಲಿ ಇಂಥ ಅನೇಕ ಊರುಗಳ ಮುಂದೆ ಜನಸಂಖ್ಯೆ ಸೊನ್ನೆ ಎಂದಿತ್ತು.

ನಮ್ಮ ಮ್ಯಾನೇಜರ್ ಬೆಂಗಳೂರಿನವರು. ದಿನವೂ ಟೈ ಕಟ್ಟಿಕೊಂಡು ಬರುತ್ತಿದ್ದರು. ಆ ಕಟ್ಟಡದಲ್ಲಿ ಡಚ್ಚರು ಯಾರೂ ಕಟ್ಟುತ್ತಿರಲಿಲ್ಲ. ನಕ್ಷೆಯನ್ನು ಕ್ಯಾಲೆಂಡರಿನ ಚಿತ್ರದಂತೆ ದೂರದಿಂದಲೇ ನೋಡುತ್ತಿದ್ದರು.

"ಈ ಝೀರೋಗಳೆಲ್ಲ ಏನಮ್ಮಾ? ಜಂಕ್ ಡೇಟಾ. ಡಿಲೀಟ್ ಮಾಡ್ಬಿಡು."

"ಸರ್, ಜನ ಇಲ್ಲ ಅಷ್ಟೇ, ಊರು ಇದೆ. ನಮ್ಮಲ್ಲಿ ಬೇಚರಾಕ್ ಗ್ರಾಮ ಇರುತ್ತಲ್ಲ, ಹಾಗೆ."

ಎಂ.ಎ. ಓದುವಾಗ ಮೈಸೂರಿನ ಕಡೆಯ ತಾಲ್ಲೂಕು ಕಚೇರಿಯೊಂದರಲ್ಲಿ ಒಂದು ಬೇಸಿಗೆ ಪೂರ್ತಿ ಕಂದಾಯ ದಾಖಲೆ ನೋಡಿದ್ದೆ. ದೀಪ ಹಚ್ಚುವವರಿಲ್ಲದ ಊರಿಗೆ ಅಲ್ಲಿ ಆ ಹೆಸರು. ಜನ ಬಿಟ್ಟುಹೋದರೂ ಅದರ ಗಡಿ, ಸರ್ವೆ ನಂಬರು, ಸ್ಮಶಾನ ದಾಖಲೆಯಲ್ಲಿ ಉಳಿಯುತ್ತವೆ.

"ಬೇಚಾರಾನಾ?" ಮ್ಯಾನೇಜರಿಗೆ ಹಿಂದಿ ಸಿನಿಮಾ ಗೊತ್ತಿತ್ತು, ತಾಲ್ಲೂಕು ಕಚೇರಿ ಗೊತ್ತಿರಲಿಲ್ಲ. "ಅಯ್ಯೋ ಪಾಪ! ಕೇಳ್ರಪ್ಪಾ, ಮೇಡಂಗೆ ರಷ್ಯಾ ಹಳ್ಳಿಗಳ ಮೇಲೆ ಕನಿಕರ ಅಂತೆ."

ಪಕ್ಕದ ಮೇಜಿನ ಸಹೋದ್ಯೋಗಿಗಳಿಬ್ಬರೂ ನಕ್ಕರು. ನಗಬೇಕಾದ ಹೊತ್ತು ಅವರಿಗೆ ಚೆನ್ನಾಗಿ ತಿಳಿಯುತ್ತಿತ್ತು. ಅಂದಿನಿಂದ ನಾನು ಬೇಚಾರಾ ಮೇಡಂ.

ಆ ತಿಂಗಳು ಆ ದೇಶದಲ್ಲಿ ಕೆಲಸ ಮಾಡುವ ನನ್ನ ಪರ್ಮಿಟ್ ಮುಗಿಯುತ್ತಿತ್ತು. ಮುಂದುವರಿಸಲು ಮ್ಯಾನೇಜರರ ಸಹಿಯ ಪತ್ರ ಬೇಕು. ಅದು ಟೈಪಾಗಿ ಎರಡು ವಾರದಿಂದ ಅವರ ಮೇಜಿನ ಮೇಲೆ, ಕಾಫಿ ಕಪ್ಪಿನ ಕೆಳಗೆ ಬಿದ್ದಿತ್ತು. ನಾನು ಸೊನ್ನೆಗಳನ್ನೆಲ್ಲ ಆಯ್ದು ಅಳಿಸಿದೆ. ಕ್ಷಣದ ಕೆಲಸ. ನದಿಯಾಚೆ ಬರೀ ಹಸಿರು ಉಳಿಯಿತು.

"ಈಗ ನೋಡು, ಎಷ್ಟು ನೀಟಾಗಿದೆ!" ಎಂದರು. ಪತ್ರಕ್ಕೆ ಸಹಿ ಮಾತ್ರ ಹಾಕಲಿಲ್ಲ.

ನಕ್ಷೆ ಒಪ್ಪಿಸುವ ದಿನ ಆ ತಾಲ್ಲೂಕಿನ ಭೂದಾಖಲೆಯ ಅಧಿಕಾರಿ, ಐವತ್ತು ದಾಟಿದ ಹೆಂಗಸು, ದುಭಾಷಿಯೊಬ್ಬನ ಜೊತೆ ನಮ್ಮ ಕಚೇರಿಗೆ ಬಂದರು. ಮುದ್ರಿತ ಹಾಳೆಯ ಮೇಲೆ ಬೆರಳಾಡಿಸುತ್ತಾ ಸೇತುವೆ ದಾಟಿ, ಹಸಿರಿನ ಮೇಲೆ ನಿಂತರು. ತಮ್ಮ ತಾಯಿಯ ಊರೆಲ್ಲಿ ಎಂದು ಕೇಳಿದರು. ಅಲ್ಲಿ ಈಗ ಯಾರೂ ಇಲ್ಲ; ಆದರೆ ಬೇಸಿಗೆಯಲ್ಲಿ ಹುಲ್ಲು ಕೊಯ್ಯಲು ಹೋಗುತ್ತೇವೆ, ತಾಯಿಯ ಗೋರಿಯೂ ಅಲ್ಲೇ ಇದೆ ಎಂದು ದುಭಾಷಿ ಹೇಳಿದ.

ಮ್ಯಾನೇಜರ್ ನಗು ಕೆಡದಂತೆ, ನಿಮ್ಮ ಪಟ್ಟಿಯಲ್ಲೇ ಅದು ಇರಲಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಪಟ್ಟಿಯನ್ನು ಟೈಪು ಮಾಡಿದ್ದು ಆಕೆಯೇ. ಆಕೆ ನನ್ನ ಕಡೆ ತಿರುಗಿದರು.

"ಇತ್ತು. ನಾನು ಅಳಿಸಿದೆ," ಎಂದೆ. ಯಾರು ಹೇಳಿದ್ದಕ್ಕೆ ಅಳಿಸಿದೆ ಎನ್ನಲಿಲ್ಲ.

ಆಕೆ ಬೈಯಲಿಲ್ಲ. ಪೆನ್ಸಿಲ್ ತೆಗೆದು ಹಸಿರಿನ ಮೇಲೆ ಊರಿನ ಹೆಸರು ಬರೆದು, ಪಕ್ಕದಲ್ಲಿ ನಿಧಾನವಾಗಿ ಒಂದು ಸೊನ್ನೆ ಹಾಕಿದರು.

ಮ್ಯಾನೇಜರ್ ಅವತ್ತೇ ಸಂಜೆ ನನ್ನನ್ನು ಕರೆದು ಸಹಿ ಹಾಕಿದ ಪತ್ರ ಕೊಟ್ಟರು.

"ಚೆನ್ನಾಗಿ ಮ್ಯಾನೇಜ್ ಮಾಡ್ದೆ ಕಣಮ್ಮಾ."

ಕಾಫಿ ಕಪ್ಪಿನ ದುಂಡನೆಯ ಕಲೆ ನನ್ನ ಹೆಸರಿನ ಸುತ್ತ ಒಣಗಿತ್ತು. "ಥ್ಯಾಂಕ್ಸ್ ಸರ್," ಎಂದು ತೆಗೆದುಕೊಂಡೆ.