ಸ್ವರ್ಣಲತಾ ಬರೆದ ಸೊನ್ನೆ

ಕೊಣನೂರಿನ ಪಕ್ಕದ ಹಳ್ಳಿಯೊಂದರಲ್ಲಿ ಸ್ವರ್ಣಲತಾ ಹದಿನಾಲ್ಕು ವರ್ಷದಿಂದ ಆಶಾ ಕಾರ್ಯಕರ್ತೆ. ಯಾರಿಗೆ ಎಷ್ಟು ತಿಂಗಳು, ಯಾವ ಮಗುವಿಗೆ ಯಾವ ಚುಚ್ಚುಮದ್ದು ಬಾಕಿ, ಎಲ್ಲ ಬಾಯಿಪಾಠ. ಅವಳ ಗುಲಾಬಿ ಸೀರೆ ಕಂಡರೆ ಹೆಂಗಸರು ಕೈಕೆಲಸ ಬಿಟ್ಟು ಬಂದು ಮಾತಾಡಿಸುತ್ತಿದ್ದರು.

ಮೂರು ವರ್ಷದ ಹಿಂದೆ ಮಳೆಗಾಲದಲ್ಲಿ ಊರಿಗೆ ಕೀಲುನೋವಿನ ಜ್ವರ ಬಂತು. ಒಂದೇ ವಾರದಲ್ಲಿ ಹತ್ತೊಂಬತ್ತು ಜನ ಮಲಗಿದರು. ಸ್ವರ್ಣಲತಾ ಹತ್ತೊಂಬತ್ತು ಹೆಸರನ್ನೂ ‘ಚಿಕೂನ್‌ಗುನ್ಯಾ ಶಂಕೆ’ ಎಂದು ಬರೆದು ಆರೋಗ್ಯ ಕೇಂದ್ರದ ಸಭೆಗೆ ಒಯ್ದಳು. ಮೇಲಧಿಕಾರಿ ಪಟ್ಟಿಯನ್ನು ಹಿಂದಕ್ಕೆ ತಳ್ಳಿದರು.

“ಇಷ್ಟು ಬರೆದ್ರೆ ನಾಳೆ ನನ್ನನ್ನ ಕೇಳ್ತಾರಮ್ಮ. ಚಿಕೂನ್‌ಗುನ್ಯಾ ಸೊನ್ನೆ ಅಂತ ಹಾಕು. ಮಿಕ್ಕಿದ್ದೆಲ್ಲ ಸಾಮಾನ್ಯ ಜ್ವರ.”

ಅವಳು ಅಲ್ಲೇ ಕೂತು ಹೊಸ ಹಾಳೆಯಲ್ಲಿ ಸೊನ್ನೆ ಬರೆದಳು. ಯಾರ ರಕ್ತವೂ ಪರೀಕ್ಷೆಗೆ ಹೋಗಲಿಲ್ಲ.

ಹದಿನೆಂಟು ಜನ ಎದ್ದರು. ಮರಿಯಮ್ಮ ಏಳಲಿಲ್ಲ. ಹೊಗೆಸೊಪ್ಪನ್ನು ಒಣಗಿಸಲು ಕಡ್ಡಿಗೆ ಕಟ್ಟುವುದರಲ್ಲಿ ಊರಿಗೇ ಚುರುಕಾಗಿದ್ದವಳಿಗೆ ಈಗ ಮುಷ್ಟಿ ಮಡಿಸಲು ಬರುತ್ತಿರಲಿಲ್ಲ. ಬೆಳಗ್ಗೆ ಮುಖ ತೊಳೆದರೇ ಸುಸ್ತು. ಅರಕಲಗೂಡಿನ ಖಾಸಗಿ ಡಾಕ್ಟರೊಬ್ಬರು, “ಚಿಕೂನ್‌ಗುನ್ಯಾ ಆಗಿತ್ತಾ? ರಿಪೋರ್ಟ್ ಎಲ್ಲಿ?” ಎಂದು ಕೇಳಿ, ಇಲ್ಲವೆಂದಾಗ ನಿದ್ದೆ ಮಾತ್ರೆ ಕೊಟ್ಟು ಕಳಿಸಿದರು. ಗಂಡ ಕಾಳಯ್ಯ, “ಕೆಲ್ಸಗಳ್ಳಿ ಕಣೆ ನೀನು” ಎನ್ನತೊಡಗಿದ. ಮರಿಯಮ್ಮ ಸ್ವರ್ಣಲತಾಳ ಬಳಿ ಅತ್ತುಕೊಂಡಾಗ ಅವಳೂ ಅಂದದ್ದು ಇಷ್ಟೇ: “ಕೆಲ್ಸ ಮಾಡ್ತಾ ಓಗು, ಮೈ ಸಡಿಲ ಆಯ್ತದೆ.” ಮರಿಯಮ್ಮ ಆ ಮಾತು ನಂಬಿ ನಾಲ್ಕು ದಿನ ಕಳೆ ಕಿತ್ತಳು. ಆಮೇಲೆ ತಿಂಗಳುಗಟ್ಟಲೆ ಹಾಸಿಗೆ ಹಿಡಿದಳು.

ಅಂದಿನಿಂದ ಸ್ವರ್ಣಲತಾ ಆ ಮನೆಯ ಮುಂದೆ ಹೋಗುವಾಗ ತಲೆ ತಗ್ಗಿಸಿಯೇ ನಡೆಯುತ್ತಿದ್ದಳು.

ಹೋದ ವರ್ಷ ಪುಟ್ಟರಾಜುವಿನ ಮಗಳು ದೀಪಶ್ರೀಗೆ ಜ್ವರ ಏರಿತು. ಸ್ವರ್ಣಲತಾ ರಕ್ತಪರೀಕ್ಷೆ ಮಾಡಿಸೋಣ ಎಂದಾಗ ಪುಟ್ಟರಾಜು ಬಾಗಿಲಿಗೆ ಅಡ್ಡ ನಿಂತ.

“ನಿಮ್ಮ ಇಲಾಖೆಯೋರು ಇರೋ ರೋಗ್ವ ಇಲ್ಲ ಅಂತ ಬರ್ಕೊಂಡ್ರಿ. ನಿಮ್ಮುನ್ನ ಯಾವನ್ ನಂಬ್ತಾನೆ? ರಕ್ತ ಗಿಕ್ತ ಕೊಡಾಕಿಲ್ಲ.”

ಹುಡುಗಿಯ ಕಣ್ಣು ಕೆಂಪಗಿದ್ದವು, ತೋಳ ಮೇಲೆ ಚುಕ್ಕೆಗಳು ಎದ್ದಿದ್ದವು. ಸ್ವರ್ಣಲತಾಳಿಗೆ ಇನ್ನು ತಡೆಯಲಾಗಲಿಲ್ಲ.

“ಬರ್ದೋಳು ನಾನೇ ಕಣಣ್ಣ. ಸೊನ್ನೆ ಆಕು ಅಂದ್ರು, ಆಕ್ಬುಟ್ಟೆ. ಮರಿಯಮ್ಮನ ಕೈ ಅಂಗಾಗಿರೋದು ಆ ಜ್ವರದಿಂದ್ಲೇ. ನನ್ ಮೇಲಿನ ಸಿಟ್ಟಿಗೆ ಮಗೀನ ಸಾಯಿಸ್ಬ್ಯಾಡ.”

ಅಕ್ಕಪಕ್ಕದವರೆಲ್ಲ ಕೇಳಿಸಿಕೊಂಡರು. ಪುಟ್ಟರಾಜು ಬಾಗಿಲು ಬಿಟ್ಟು ಸರಿದು, ಮಗಳನ್ನು ಕರೆದೊಯ್ಯಲು ಬೈಕ್ ತೆಗೆದ. ರಕ್ತಪರೀಕ್ಷೆಯಲ್ಲಿ ಡೆಂಗಿ ಎಂದು ತಿಳಿಯಿತು. ಹಾಸನದ ಆಸ್ಪತ್ರೆಯಲ್ಲಿ ಆರು ದಿನವಿದ್ದು ಹುಡುಗಿ ಬದುಕಿಕೊಂಡಳು.

ಸ್ವರ್ಣಲತಾ ಒಪ್ಪಿಕೊಂಡ ಸುದ್ದಿ ಆ ದಿನವೇ ಮರಿಯಮ್ಮನನ್ನು ಮುಟ್ಟಿತ್ತು. ಅದೇ ಸಂಜೆ ಸ್ವರ್ಣಲತಾ ಅವಳ ಮನೆಗೆ ಹೋದಾಗ ಮರಿಯಮ್ಮ ಜಗಲಿಯ ಮೇಲೆ ಕೂತಿದ್ದಳು.

“ಊರ್ಗೆಲ್ಲ ಯೋಳ್ದೆ. ಎರಡು ವರ್ಸ ನನ್ಗೊಬ್ಳಿಗೆ ಯೋಳಕೆ ಆಗ್ನಿಲ್ವಾ?”

“ತಪ್ಪಾಯ್ತು ಕಣವ್ವ.”

“ತಪ್ಪು ಗಿಪ್ಪು ಬ್ಯಾಡ. ಒಳೀಕೆ ಬಾ, ನನ್ ಗಂಡಂಗೆ ಯೋಳು.”

ಸ್ವರ್ಣಲತಾ ಒಳಗೆ ಹೋಗಿ ಎಲ್ಲವನ್ನೂ ಹೇಳಿದಳು. ಕಾಳಯ್ಯ ಕೊಡ ತೆಗೆದುಕೊಂಡು ತಾನೇ ನೀರಿಗೆ ಹೋದ.

ಮರುವಾರ ಸ್ವರ್ಣಲತಾಳೇ ಮರಿಯಮ್ಮನನ್ನು ಹಾಸನಕ್ಕೆ ಕರೆದೊಯ್ದಳು. ಅಲ್ಲಿನ ಡಾಕ್ಟರಮ್ಮ ಪೂರ್ತಿ ಕೇಳಿ, ಆ ಜ್ವರದ ನೋವು ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ, ಇದು ನಾಟಕವಲ್ಲ ಎಂದರು. ಔಷಧಿಯಿಂದ ನೋವು ತಗ್ಗಿದೆ. ಮುಷ್ಟಿ ಮಾತ್ರ ಅರ್ಧಕ್ಕೇ ನಿಲ್ಲುತ್ತದೆ.

ನಡೆದದ್ದನ್ನೆಲ್ಲ ಬರೆದು ಸ್ವರ್ಣಲತಾ ಮೇಲಕ್ಕೆ ದೂರು ಕೊಟ್ಟಳು. ಆ ಅಧಿಕಾರಿ ಅಷ್ಟರಲ್ಲಿ ಬೇರೆ ತಾಲ್ಲೂಕಿಗೆ ವರ್ಗವಾಗಿದ್ದರು. ಸುಳ್ಳು ಪಟ್ಟಿ ಬರೆದದ್ದೇಕೆ ಎಂದು ನೋಟಿಸ್ ಬಂದದ್ದು ಅವಳಿಗೇ. ಅದಕ್ಕೆ ಅವಳಿಗೆ ಬೇಸರವಿಲ್ಲ.

“ಮರಿಯಮ್ಮ ಈಗ್ಲೂ ಮನೆತಾವ ಓದ್ರೆ ಕಾಪಿ ಕಾಸ್ಕೊಡ್ತಾಳೆ,” ಎನ್ನುತ್ತಾಳೆ ಸ್ವರ್ಣಲತಾ. “ಎರಡೂ ಕೈಲಿ ಲೋಟ ಇಡ್ಕೊಂಡು ತತ್ತಾಳೆ. ಬೈದಿದ್ರೆ ಎಷ್ಟೋ ವಾಸಿ ಇತ್ತು.”