ಐದು ಚೀಲಕ್ಕೆ ಒಂದು ಉಸಿರು

ಎರಡು ಸಲ ನಾನು ರಿಂಗಿನ ಮೂಲೆಯ ಸ್ಟೂಲಿನ ಮೇಲೆ ಕುಳಿತವಳು ಮತ್ತೆ ಏಳಲಿಲ್ಲ. ಏಟು ತಿಂದು ಬಿದ್ದಿದ್ದರೆ ಜನ ಪಾಪ ಅಂತಾದರೂ ಅನ್ನುತ್ತಿದ್ದರು. ನನಗೆ ಹೇಳಿಕೊಳ್ಳುವಂಥ ಏಟೇ ಬಿದ್ದಿರಲಿಲ್ಲ. ಎರಡನೇ ಸುತ್ತು ಮುಗಿಯುವಷ್ಟರಲ್ಲಿ ಉಸಿರು ಮುಗಿದಿತ್ತು, ಅಷ್ಟೇ. ಮೂರನೇ ಸುತ್ತಿನ ಗಂಟೆ ಹೊಡೆದಾಗ, ಆಗುವುದಿಲ್ಲ ಎಂದು ಕೈ ಆಡಿಸಿಬಿಟ್ಟೆ.

ಯೆರವಡಾದ ನಮ್ಮ ಬಾಕ್ಸಿಂಗ್ ಕ್ಲಬ್ಬಿನಲ್ಲಿ ತಿಂಗಳಿಗೊಮ್ಮೆ ಪಂದ್ಯ ಇಡುತ್ತಾರೆ, ಎರಡೆರಡು ನಿಮಿಷದ ಮೂರು ಸುತ್ತು. ನನಗಾಗ ಮೂವತ್ತಾರು. ಕೋಚ್ ನನಗಿಂತ ಹತ್ತು ವರ್ಷ ಚಿಕ್ಕವಳು, ಮರಾಠಿ ಹುಡುಗಿ. ತಾಈ, ತಾಈ ಎಂದು ಅಕ್ಕನನ್ನು ಕರೆದ ಹಾಗೆ ಕರೆಯುತ್ತಲೇ ಬೆವರಿಳಿಸುತ್ತಿದ್ದಳು. ಎರಡನೇ ಸಲ ನಾನು ಕುಳಿತುಬಿಟ್ಟಾಗ ಆಕೆ ತಣ್ಣಗೆ ಹೇಳಿದಳು, ಮುಂದಿನ ತಿಂಗಳೂ ಮೂರು ಸುತ್ತು ನಿಲ್ಲದಿದ್ದರೆ ಬೆಳಗಿನ ಬ್ಯಾಚಿಗೆ ಹಾಕುತ್ತೇನೆ ಅಂತ. ಬೆಳಗಿನ ಬ್ಯಾಚಿನವರು ಸಿನಿಮಾ ಹಾಡು ಹಚ್ಚಿಕೊಂಡು ಗಾಳಿಗೆ ಗುದ್ದುತ್ತಾರೆ. ಅಲ್ಲಿ ಯಾರಿಗೂ ಯಾರೂ ಹೊಡೆಯುವುದಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಗಾಳಿಗೆ ಗುದ್ದುವುದಕ್ಕೆ ಗ್ಲೌಸ್ ಯಾಕೆ ಬೇಕು, ನೀವೇ ಹೇಳಿ.

ಅಪ್ಪನಿಗಂತೂ ಈ ಬಾಕ್ಸಿಂಗ್ ಮೊದಲಿನಿಂದಲೂ ಸರಿಬಂದಿರಲಿಲ್ಲ. ನಮ್ಮದು ಜೋಳ, ಬೇಳೆಯ ಅಂಗಡಿ. ಅಜ್ಜನ ಕಾಲಕ್ಕೆ ವಿಜಯಪುರದ ಕಡೆಯಿಂದ ಬಂದು ಇಲ್ಲೇ ನಿಂತವರು ನಾವು. ಸಂಜೆ ಗಿರಾಕಿ ತುಂಬಿರುವ ಹೊತ್ತಿನಲ್ಲಿ ನಾನು ಕೈಗೆ ಪಟ್ಟಿ ಸುತ್ತಿಕೊಂಡು ಹೊರಟರೆ ಅಪ್ಪ ನಮ್ಮ ಕಡೆಯವರಿಗೆಲ್ಲ ಕೇಳುವಂತೆ, ಹೊಡದಾಡಾಕ ಹೊಂಟಾಳ್ರಿ, ಎಂದು ಪರಿಚಯ ಮಾಡಿಕೊಡುತ್ತಿದ್ದರು.

ದಮ್ಮು ಹೆಚ್ಚಿಸಿಕೊಳ್ಳಲು ನಾನು ಮಾಡದ ಸರ್ಕಸ್ಸಿಲ್ಲ. ಓಡಿದೆ, ಹಗ್ಗ ಹಾರಿದೆ, ಮೆಟ್ಟಿಲು ಹತ್ತಿಳಿದೆ. ಪಕ್ಕದ ಮನೆಯ ನಿವೃತ್ತ ಗುಮಾಸ್ತರು ಪ್ರಾಣಾಯಾಮ ಕಲಿಸಿದರು. ಉಸಿರು ಹಿಡಿದು ಕೂರು ಎಂದಾಗ ನಾನು ಕೂತ ಹೊತ್ತು ನೋಡಿ ಅವರೇ ಗಾಬರಿಯಾಗಿ, ಸಾಕು ಬಿಡವಾ, ಅಂದರು. ನನಗೆ ಅಲ್ಲೇ ಅನುಮಾನ ಬರಬೇಕಿತ್ತು.

ಕೊನೆಗೆ ಗುಟ್ಟು ಹಿಡಿದವಳು ಕೋಚ್. ಒಂದು ದಿನ ಆಕೆ ನನ್ನ ಕೈ ನೋಡುವುದನ್ನು ಬಿಟ್ಟು ಮುಖ ನೋಡುತ್ತ ನಿಂತಳು. ನಾನು ಬ್ಯಾಗಿಗೆ ಐದು ಗುದ್ದು ಹಾಕಿ ಉಸ್ಸೆಂದೆ. ಮತ್ತೆ ಐದು, ಮತ್ತೆ ಉಸ್ಸು. ಅದೇನು ಪ್ರತಿ ಸಲವೂ ಲೆಕ್ಕ ಹಾಕಿದಂತೆ ಐದೇ, ಎಂದು ಕೇಳಿದಳು. ಆಗ ನನಗೆ ಅಂಗಡಿಯ ಚೀಲಗಳು ನೆನಪಾದವು.

ಅಂಗಡಿಗೆ ಲಾರಿ ಬಂದಾಗ ಚೀಲ ಎಣಿಸುವುದು ಹತ್ತನೇ ವಯಸ್ಸಿನಿಂದ ನನ್ನ ಕೆಲಸ. ಎಣಿಸುವವರು ಬಾಯಿ ತೆಗೆದರೆ ಯಾರಾದರೂ ಏನಾದರೂ ಕೇಳುತ್ತಾರೆ, ಲೆಕ್ಕ ತಪ್ಪುತ್ತದೆ ಎನ್ನುವುದು ಅಪ್ಪನ ಪಾಠ. ಹಮಾಲರು ಐದು ಚೀಲ ಇಳಿಸುವ ತನಕ ತುಟಿ ಬಿಗಿ, ಉಸಿರು ಒಳಗೆ. ಐದಾದ ಮೇಲೆ ಗೋಡೆಗೆ ಸೀಮೆಸುಣ್ಣದ ಒಂದು ಗೆರೆ, ಆಗ ಉಸಿರು. ಇಪ್ಪತ್ತಾರು ವರ್ಷ ಹೀಗೆ ಚೀಲ ಎಣಿಸಿದ ಮೈ, ಈಗ ಗುದ್ದನ್ನೂ ಹಾಗೇ ಎಣಿಸುತ್ತಿತ್ತು.

ಕೋಚ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಮದ್ದು ಹೇಳಿದಳು: ಪ್ರತಿ ಗುದ್ದನ್ನೂ ಕೂಗಿ ಎಣಿಸು, ಕೂಗುವವಳು ಉಸಿರು ಹಿಡಿಯುವುದು ಹೇಗೆ ನೋಡೋಣ. ನಾನು ಮೊದಲ ಗುದ್ದಿಗೇ 'ಲಾಭ' ಎಂದು ಕೂಗಿದೆ. ನಮ್ಮಲ್ಲಿ ಮೊದಲ ಚೀಲಕ್ಕೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತೇವೆ, ಆಮೇಲೆ ಎರಡು, ಮೂರು. ಆಕೆಯ ಅಜ್ಜನೂ ಕಾಳು ಅಳೆಯುವಾಗ ಹಾಗೇ ಅನ್ನುತ್ತಿದ್ದನಂತೆ. ವಾರ ಕಳೆಯುವಷ್ಟರಲ್ಲಿ ಇಡೀ ಸಂಜೆ ಬ್ಯಾಚು ಲಾಭದಿಂದಲೇ ಗುದ್ದು ಶುರು ಮಾಡುತ್ತಿತ್ತು.

ಆಮೇಲೆ ಕೋಚ್ ಕೂಗು ಬಿಡಿಸಿದಳು. ಬಾಯಿ ಮುಚ್ಚಿ, ಗುದ್ದಿಗೊಂದರಂತೆ ಮೂಗಿನಿಂದ ಚಿಕ್ಕದಾಗಿ ಉಸಿರು ಬಿಡಬೇಕು. ಸ್ಟೂಲಿನ ಮೇಲೆ ಕುಳಿತಾಗ ಗಬಗಬ ಗಾಳಿ ನುಂಗದೆ, ಒಳಗಿರುವುದನ್ನು ಮೊದಲು ನಿಧಾನವಾಗಿ ಖಾಲಿ ಮಾಡಬೇಕು. ನಾನು ಇದನ್ನು ಅಂಗಡಿಯಲ್ಲೂ ಅಭ್ಯಾಸ ಮಾಡಿದೆ. ಬೇಳೆ ತೂಗುತ್ತ ಹುಸ್ ಹುಸ್ ಎನ್ನುವ ನನ್ನನ್ನು ನೋಡಿ ಒಬ್ಬ ಹೆಂಗಸು, ನನಗೆ ಸಿಟ್ಟು ಬಂದಿದೆ ಎಂದುಕೊಂಡು ಅರ್ಧ ಕಿಲೋ ತೊಗರಿಬೇಳೆ ಅಲ್ಲೇ ಬಿಟ್ಟು ಹೋದಳು.

ಅಷ್ಟರಲ್ಲಿ ಲಾರಿ ಬಂತು. ಉಸಿರಾಡುತ್ತ ಎಣಿಸಿದೆ, ಲೆಕ್ಕ ತಪ್ಪಿತು. ಹಮಾಲರು ಗೊಣಗಿದರು, ಅಪ್ಪ ರೇಗಿದರು. ನನಗೂ ತಡೆಯಲಿಲ್ಲ. ಉಸಿರು ಹಿಡಿಯುವುದನ್ನು ಕಲಿಸಿದವರು ನೀವು, ಅದಕ್ಕೇ ಎರಡು ಸಲ ಎಲ್ಲರೆದುರು ಕುಳಿತುಬಿಟ್ಟೆ ಎಂದು ಹಮಾಲರ ಮುಂದೆಯೇ ಅಂದುಬಿಟ್ಟೆ. ಅಂದ ಮೇಲೆ ಹೆದರಿಕೆಯಾಯಿತು. ಅಪ್ಪ ಗೋಡೆಯ ಗೆರೆಗಳನ್ನು ನೋಡಿದರು. ಆಮೇಲೆ ನನ್ನ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡರು.

"ಇನ್ನ ಮ್ಯಾಲೆ ಚೀಲ ನಾ ಎಣಸ್ತೀನಿ. ನೀ ಹೋಗಿ ಉಸರಾಡು."

ಪಂದ್ಯಕ್ಕೆ ಅಪ್ಪ ಬಂದರು. ನನ್ನ ಎದುರಾಳಿ ಊರಿನ ಆಚೆ ತುದಿಯ ವಾಕಡದವಳು, ಉದ್ದನೆಯ ಕೈಯವಳು. ಅವಳ ತಾಯಿ, ಆಫೀಸಿನ ಗೆಳತಿಯರೆಲ್ಲ ಹುರಿದುಂಬಿಸಲು ಬಂದಿದ್ದರು. ಮೊದಲ ಸುತ್ತು ನನ್ನದೇ ಅನ್ನಿಸಿತು, ಎರಡನೆಯದು ಖಂಡಿತ ಅವಳದು. ಸ್ಟೂಲಿನ ಮೇಲೆ ಕುಳಿತೆ. ಕೋಚ್ ಹೇಳಿದಂತೆ ಉಸಿರನ್ನು ಉದ್ದಕ್ಕೆ ಬಿಟ್ಟೆ, ಬಿಡುತ್ತಲೇ ಇದ್ದೆ. ಗಂಟೆ ಹೊಡೆಯಿತು. ಎದ್ದೆ. ಮೂರನೇ ಸುತ್ತಿನಲ್ಲಿ ಅವಳ ಗುದ್ದು ನೇರ ಮೂಗಿಗೇ ಬಿತ್ತು, ಕಣ್ಣಲ್ಲಿ ನೀರು ತುಂಬಿತು. ಆದರೂ ನಿಲ್ಲಿಸಲಿಲ್ಲ, ಒಂದು ಗುದ್ದು, ಒಂದು ಉಸಿರು, ಕೊನೆಯ ಗಂಟೆಯವರೆಗೆ. ರೆಫರಿ ಎತ್ತಿದ್ದು ಅವಳ ಕೈ. ನಾನು ಹುಚ್ಚಿಯ ಹಾಗೆ ನಗುತ್ತಿದ್ದೆ.

ಕೆಳಗಿಳಿದು ನೋಡಿದರೆ ಅಪ್ಪ ಇಲ್ಲ. ಸೋತಿದ್ದಕ್ಕೆ ಮುನಿಸಿಕೊಂಡು ಮನೆಗೆ ಹೋದರೇನೋ ಎಂದುಕೊಂಡೆ. ಅಷ್ಟರಲ್ಲಿ ಪೇಢೆಯ ಡಬ್ಬಿ ಹಿಡಿದು ಬಂದರು. ಮೊದಲು ಕೋಚಿಗೆ ಕೊಟ್ಟರು, ಆಮೇಲೆ ವಾಕಡದವರಿಗೆಲ್ಲ ಹಂಚುತ್ತ ಹೋದರು. ಗೆದ್ದವಳ ತಾಯಿ ಪೇಢೆ ಕೈಯಲ್ಲಿ ಹಿಡಿದು, ಗೆದ್ದದ್ದು ನಮ್ಮ ಹುಡುಗಿಯಲ್ಲವೇ ಎಂದು ಮರಾಠಿಯಲ್ಲಿ ಕೇಳಿದಳು. ಜೀವನವಿಡೀ ಹೊರಗಿನವರ ಜೊತೆ ಮರಾಠಿಯನ್ನೇ ಆಡಿದ ಅಪ್ಪ ಅವತ್ತು ಅದನ್ನು ಮರೆತೇಬಿಟ್ಟರು.

"ಹೌದ್ರಿ, ಗೆದ್ದಾಕಿ ನಿಮ್ಮಾಕಿನ. ಆದ್ರ ನಮ್ಮಾಕಿ ಈ ಸಲ ಕುಂಡರ್ಲಿಲ್ರಿ."

ಆ ತಾಯಿಗೆ ಒಂದಕ್ಷರ ತಿಳಿಯಲಿಲ್ಲ. ಆದರೂ ಅಪ್ಪನ ಮುಖ ನೋಡಿ ತಲೆಯಾಡಿಸಿ ಪೇಢೆ ಬಾಯಿಗಿಟ್ಟುಕೊಂಡಳು. ನಾನು ಗ್ಲೌಸ್ ಬಿಚ್ಚದೆಯೇ ಕಣ್ಣು ಒರೆಸಿಕೊಂಡೆ.